ಬ್ಯಾಟರಿಯ ಮೇಲೆ ಮನೆಯ ಸಂಗೀತ: ಕಲಬುರಗಿಯಲ್ಲಿ ಮೂರು ಬೇಸಿಗೆ

ಕರೆಂಟ್ ಹೋದಾಗಲೂ ಹಾಡು ನಿಲ್ಲಬಾರದೆಂದು ನಾನು ಬ್ಯಾಟರಿ ಕೊಂಡವನಲ್ಲ. ಅದಕ್ಕೆ ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಅದು ನುಣುಪಾದ ಅಲೆಯ ಬದಲು ಚೌಕ ಅಲೆಯ ಕರೆಂಟ್ ಕೊಡುವ ಹಳೆಯ ಇನ್ವರ್ಟರ್ ಆಗಿದ್ದರಿಂದ, ವಿಲಂಬಿತ ಖ್ಯಾಲ್ ಕೇಳುತ್ತ ಕುಳಿತರೆ ತಂಬೂರಿಯ ಶ್ರುತಿಯ ಕೆಳಗೆ ಜೀರುಂಡೆಯಂತಹ ಇನ್ನೊಂದು ದನಿ ಸೇರಿಕೊಳ್ಳುತ್ತಿತ್ತು. ಆ ದನಿಯನ್ನು ಓಡಿಸಲೆಂದೇ ಬ್ಯಾಟರಿಗೆ ಬಂದೆ.

ಈಗಿರುವುದು 12.8 ವೋಲ್ಟ್, 40 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮತ್ತು ಟಿಪಿಎ3116 ಚಿಪ್ಪಿನ, ಕಡಿಮೆ ವಿದ್ಯುತ್ತಿನಲ್ಲಿ ಸ್ಪೀಕರ್ ನಡೆಸುವ ಕ್ಲಾಸ್-ಡಿ ಆಂಪ್ಲಿಫೈಯರ್. ಈ ಚಿಪ್ 4.5ರಿಂದ 26 ವೋಲ್ಟ್‌ವರೆಗೆ ಕೆಲಸ ಮಾಡುವುದರಿಂದ ನಡುವೆ ಇನ್ವರ್ಟರ್ ಬೇಕಾಗುವುದಿಲ್ಲ. ಬ್ಯಾಟರಿಯಲ್ಲಿ ಸುಮಾರು 512 ವಾಟ್-ಅವರ್ ಇದ್ದು, ಅದರಲ್ಲಿ ಶೇ. 80ರಷ್ಟನ್ನು ಬಳಸಿದರೂ, ಸರಾಸರಿ 15 ವಾಟ್ ಎಳೆಯುವ ನನ್ನ ವ್ಯವಸ್ಥೆ 27 ಗಂಟೆ ನಡೆಯುತ್ತದೆ. ದಿನಕ್ಕೆ ಮೂರು ಗಂಟೆ ಕೇಳುವ ನನಗೆ ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು.

ಇಷ್ಟು ವೋಲ್ಟೇಜಿನಲ್ಲಿ 8 ಓಮ್ ಸ್ಪೀಕರಿಗೆ ಸ್ವಚ್ಛವಾಗಿ ಸಿಗುವುದು ಹತ್ತು ವಾಟ್ ಮಾತ್ರ. ಶಹಾಬಾದ ಫರಸಿ ಹಾಸಿದ ನಮ್ಮ ಪಡಸಾಲೆಗೆ ಅದೇ ಹೆಚ್ಚು. ಮದುವೆ ಮನೆಯ ಅಬ್ಬರ ಬೇಕಾದವರು ಈ ದಾರಿ ಹಿಡಿಯಬಾರದು.

ನನ್ನನ್ನು ಹೆಚ್ಚು ಕಾಡಿದ್ದು ಡಿಎಸಿ, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಉಪಕರಣ. ಅದಕ್ಕೆ ಬೇಕಾದ 5 ವೋಲ್ಟನ್ನು ಅದೇ ಬ್ಯಾಟರಿಯಿಂದ ಒಂದು ಸಣ್ಣ ಪರಿವರ್ತಕದ ಮೂಲಕ ತೆಗೆದುಕೊಂಡಾಗ, ನಾನು ಓಡಿಸಲು ಹೊರಟಿದ್ದ ಸದ್ದೇ ಹೊಸ ರೂಪದಲ್ಲಿ, ತೆಳುವಾದ ಸಿಳ್ಳಾಗಿ, ಮನೆಯೊಳಗೆ ಬಂದು ಕುಳಿತಿತು. ಎರಡು ಉಪಕರಣಗಳೂ ಒಂದೇ ನೆಗೆಟಿವ್ ತಂತಿಯನ್ನು ಹಂಚಿಕೊಂಡಿದ್ದೇ ಇದಕ್ಕೆ ಕಾರಣವೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಡಿಎಸಿಯನ್ನು ಪ್ರತ್ಯೇಕ ಪವರ್ ಬ್ಯಾಂಕಿಗೆ ಜೋಡಿಸಿದ ಕ್ಷಣವೇ ಸಿಳ್ಳು ಹೋಯಿತು. ಮೊದಲು ತಂದ ಪವರ್ ಬ್ಯಾಂಕ್ ಮಾತ್ರ, ಎಳೆತ ತೀರ ಕಡಿಮೆಯೆಂದು ತಾನೇ ಆರಿಹೋಗುತ್ತಿದ್ದುದರಿಂದ, ಬೇರೊಂದನ್ನು ಹುಡುಕಬೇಕಾಯಿತು.

ಬ್ಯಾಟರಿ ಹಾಕಿದೊಡನೆ ದನಿ ಸಿಹಿಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೆಳೆಯರೊಬ್ಬರ ಒಳ್ಳೆಯ ಅಡಾಪ್ಟರ್ ತಂದು, ಕರೆಂಟ್ ಸ್ಥಿರವಾಗಿದ್ದ ರಾತ್ರಿ ಹೋಲಿಸಿದಾಗ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ಲಾಭವೆಲ್ಲ ಹಾಡಿನ ನಡುವಣ ಮೌನದಲ್ಲಿದೆ; ಫ್ರಿಜ್ ಚಾಲೂ ಆದಾಗ ಸ್ಪೀಕರಿನಲ್ಲಿ ಕೇಳುತ್ತಿದ್ದ ಟಕ್ ಎಂಬ ಸದ್ದೂ ಈಗಿಲ್ಲ.

ಒಂದು ಕೊರತೆಯೆಂದರೆ, ಈ ಬ್ಯಾಟರಿಯ ವೋಲ್ಟೇಜ್ ಬಹುಪಾಲು 13ರ ಆಸುಪಾಸಿನಲ್ಲೇ ನಿಂತಿರುವುದರಿಂದ ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಹೇಳಲಾಗುವುದಿಲ್ಲ. ಕೊನೆಗೆ ಅದು ಥಟ್ಟನೆ ಇಳಿದು, ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದು, ತಾನ್ ಅರ್ಧಕ್ಕೇ ನಿಲ್ಲುತ್ತದೆ. ಹೀಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ. ಪಾಸಿಟಿವ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, ಕಾರಿಗೆ ಹಾಕುವ 10 ಆಂಪಿಯರ್ ಫ್ಯೂಸ್ ಇದೆ. ಅದಿಲ್ಲದೆ ಯಾರೂ ಇದನ್ನು ಮಾಡಬಾರದು.

ಇದಕ್ಕೂ ಮೊದಲಿದ್ದ ಸೀಸದ ಬ್ಯಾಟರಿ ಎರಡೇ ಬೇಸಿಗೆಗೆ ಸತ್ತಿತು. ಪೂರ್ತಿ ಬರಿದಾಗುವವರೆಗೆ ಬಳಸಿದ್ದು ನನ್ನ ತಪ್ಪು, ಉಳಿದದ್ದನ್ನು ನಮ್ಮ ಬಿಸಿಲು ಮಾಡಿತು. ಹೊಸದಕ್ಕೂ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದೆಂಬ ಸೂಚನೆಯಿದೆ, ಮೇ ತಿಂಗಳ ಮಧ್ಯಾಹ್ನ ಇಲ್ಲಿ ಅದು ದೂರದ ಮಾತಲ್ಲ. ಆದ್ದರಿಂದ ಭಾನುವಾರ ನಸುಕಿನ ಐದಕ್ಕೆ 10 ಆಂಪಿಯರ್ ಚಾರ್ಜರ್ ಹಚ್ಚಿ, ಒಂಬತ್ತರ ಹೊತ್ತಿಗೆ ತೆಗೆದು, ಆಮೇಲೆಯೇ ಹಾಡು ಹಚ್ಚುತ್ತೇನೆ. ಚಾರ್ಜರ್ ಜೋಡಿಸಿಯೇ ಕೇಳಿದರೆ ಹಳೆಯ ಜೀರುಂಡೆ ಮರಳಿ ಬರುತ್ತದೆ.