ಸ್ಟೇರಿಂಗ್ ಅದುರು ನಿಲ್ಲಿಸಿದ ಹಬ್ ರಿಂಗ್: ಎರಡು ಮಳೆಗಾಲ ಕಳೆದ ಮೇಲೆ

ಕಾರಿನ ಚಕ್ರದ ನಡುವೆ ಕೂರುವ ನಾಲ್ಕು ಅಲ್ಯೂಮಿನಿಯಂ ಬಳೆಗೂ ವಿಮರ್ಶೆನಾ ಅಂತ ನಗಬೇಡಿ. ನನ್ನ ಕಾರಿಗೆ ಹಾಕಿದ ಬೇರೆ ಯಾವ ಸಾಮಾನೂ ಇಷ್ಟು ಖುಷಿ ಕೊಟ್ಟಿಲ್ಲ. ಇಷ್ಟು ಬೈಗುಳ ತಿಂದದ್ದೂ ಇಲ್ಲ.

ಕಾರು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಮೊದಲಿನ ಓನರ್ ಚಂದ ಕಾಣಲಿ ಅಂತ ಹೊರಗಿನ ಅಲಾಯ್ ಚಕ್ರ ಹಾಕಿಸಿದ್ದರು. ಕುಂದಾಪುರ ಪೇಟೆಯೊಳಗೆ ಓಡಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಹೆದ್ದಾರಿ 66 ಹಿಡಿದು ಉಡುಪಿ ಕಡೆ ಹೊರಟು 85 ದಾಟಿತೋ, ಸ್ಟೇರಿಂಗ್ ಅದುರಲು ಶುರು. 100ರ ಹತ್ತಿರ ಹೋದರೆ ಅಂಗೈ ಜುಮ್ಮೆನ್ನುತ್ತಿತ್ತು. 70ಕ್ಕೆ ಇಳಿದ ಕೂಡಲೇ ಏನೂ ತಿಳಿಯದವರ ಹಾಗೆ ಸುಮ್ಮನಾಗುತ್ತಿತ್ತು.

ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಬೇರೆ ಅಂಗಡಿಯಲ್ಲಿ ಮತ್ತೊಮ್ಮೆ ಮಾಡಿಸಿದೆ. ಅಲೈನ್‌ಮೆಂಟೂ ಆಯಿತು. ಅಲೈನ್‌ಮೆಂಟ್ ಸರಿಮಾಡುವುದು ಕಾರು ಒಂದು ಕಡೆ ಎಳೆಯುವುದನ್ನು, ಟಯರ್ ಓರೆಯಾಗಿ ಸವೆಯುವುದನ್ನು. ಅದುರುವುದಕ್ಕೂ ಅದಕ್ಕೂ ದೂರದ ಸಂಬಂಧ. ಆದರೂ ಬಿಲ್ಲಿನಲ್ಲಿ ಎರಡೂ ಜೋಡಿಯಾಗಿಯೇ ಬರುತ್ತವೆ, ಅಲ್ವಾ? ಒಂದು ಗ್ಯಾರೇಜಿನವರಂತೂ ಲೋವರ್ ಆರ್ಮ್, ಟೈ ರಾಡ್ ಎಂಡ್ ಎಲ್ಲ ಬದಲಿಸಬೇಕು ಅಂತ ಉದ್ದದ ಪಟ್ಟಿ ಕೊಟ್ಟರು. ಜಾಕಿ ಕೊಟ್ಟು ಚಕ್ರ ಹಿಡಿದು ಅಲುಗಿಸಿ ನೋಡಿದರೆ ಎಲ್ಲೂ ಪ್ಲೇ, ಅಂದರೆ ಸಡಿಲ, ಇರಲಿಲ್ಲ. ದುಡ್ಡು ಉಳಿಯಿತು.

ತಲೆ ಕೆಡಿಸಿದ್ದು ಮಾತ್ರ ಬ್ಯಾಲೆನ್ಸಿಂಗ್ ಮೆಷಿನ್. ಪ್ರತಿ ಸಲವೂ ಚಕ್ರದ ಎರಡೂ ಕಡೆ ತೂಕದ ಏರುಪೇರು ಸೊನ್ನೆ ಅಂತ ತೋರಿಸುತ್ತಿತ್ತು. ಕೊನೆಗೆ ಪೇಟೆಯ ಹಳೇ ಟಯರ್ ಅಂಗಡಿಯ ಅಣ್ಣ ಚಕ್ರ ಬಿಚ್ಚಿ, ವರ್ನಿಯರ್ ಹಿಡಿದು ಅಳೆದರು. ಕಾರಿನ ಹಬ್, ಅಂದರೆ ಚಕ್ರ ಕೂರುವ ನಡುವಿನ ದುಂಡು ಭಾಗ, 54.1 ಮಿಲಿಮೀಟರ್. ಅಲಾಯ್‌ನ ನಡುವಿನ ತೂತು 73.1. "ಮೆಷಿನ್ ಸುಳ್ಳು ಹೇಳ್ತಾ ಇಲ್ಲ ಮಾರಾಯ್ರೆ" ಅಂದರು. ಮೆಷಿನ್ ಆ ತೂತಿಗೇ ಕೋನ್ ತೂರಿಸಿ ಚಕ್ರವನ್ನು ನಡುವಿಗೆ ಹಿಡಿಯುತ್ತದೆ. ಕಾರಿನಲ್ಲಿ ಆ ತೂತು ಹಬ್ಬನ್ನು ಮುಟ್ಟುವುದೇ ಇಲ್ಲ. ಚಕ್ರವನ್ನು ನಡುವಿಗೆ ಕೂರಿಸುವ ಹೊಣೆಯೆಲ್ಲ ನಟ್‌ಗಳ ಮೇಲೆ. ನಟ್‌ನ ಓರೆ ಮುಖ ಆ ಕೆಲಸ ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಗಾಳಿ ಗನ್ ಹಿಡಿದು ಒಂದು ನಟ್ಟನ್ನು ಟರ್‍ರೆಂದು ಪೂರ್ತಿ ಬಿಗಿದ ಮೇಲೆ ಉಳಿದವನ್ನು ಮುಟ್ಟಿದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಮೆಷಿನ್ನಿನ ಸೊನ್ನೆ ಅಲ್ಲಿಗೆ ಮುಗಿಯಿತು.

ಆ ಜಾಗ ತುಂಬುವ ಬಳೆಯೇ ಹಬ್ ರಿಂಗ್. ಒಳಗಡೆ 54.1, ಹೊರಗಡೆ 73.1. ನಾಲ್ಕಕ್ಕೂ ಸೇರಿ 1000 ರೂಪಾಯಿ ಒಳಗೇ ಮುಗಿಯಿತು. ಹಾಕಿಸಿಕೊಂಡು ಸೀದಾ ಹೆದ್ದಾರಿಗೆ ಹೋದೆ. ಸಾಸ್ತಾನ ಟೋಲ್ ದಾಟಿ 80, 90, 95. ಸ್ಟೇರಿಂಗ್ ತೆಪ್ಪಗಿತ್ತು. ಈಗಲೂ ಟೋಲ್ ದಾಟಿದ ಮೇಲೆ ರಸ್ತೆ ಖಾಲಿಯಿದ್ದರೆ ಹಿಡಿತ ಸ್ವಲ್ಪ ಸಡಿಲಿಸಿ, ಬೆರಳಿಗೆ ಏನಾದರೂ ತಾಗುತ್ತದಾ ಅಂತ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಹೆಂಡತಿಗೆ ಇದು ಶುದ್ಧ ಹುಚ್ಚು. ಕಪ್ ಹೋಲ್ಡರಿನ ಬಾಟಲಿಯಲ್ಲಿ ನೀರು ಹೇಗಿದೆ ಅಂತಲೂ ಒಮ್ಮೆ ನೋಡುತ್ತೇನೆ. ಅದನ್ನು ಅವಳಿಗೆ ಹೇಳಿಲ್ಲ.

ಇಲ್ಲಿಗೇ ಬರೆದು ಮುಗಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಮಳೆಗಾಲ ಬಂತು. ನಮ್ಮ ಕರಾವಳಿಯ ಮಳೆ, ಮೇಲಿಂದ ಉಪ್ಪು ಗಾಳಿ.

ಆಗುಂಬೆ ಘಾಟಿ ಇಳಿದು ಹೆಬ್ರಿ ಹತ್ತಿರ ಮುಂದಿನ ಟಯರ್ ಪಂಚರ್. ನಟ್ ಎಲ್ಲ ಬಿಚ್ಚಿದರೂ ಚಕ್ರ ಜಪ್ಪಯ್ಯ ಅನ್ನಲಿಲ್ಲ. ಕಬ್ಬಿಣದ ಹಬ್‌ಗೆ ಅಲ್ಯೂಮಿನಿಯಂ ರಿಂಗ್ ಕಚ್ಚಿಕೊಂಡಿತ್ತು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು, ಇನ್ನೇನಾಗುತ್ತದೆ? ಗುದ್ದಿ, ಎಳೆದು, ಅಂತೂ ಚಕ್ರ ಬಂತು. ರಿಂಗ್ ಮಾತ್ರ ಹಬ್ ಮೇಲೆಯೇ ಕೂತಿತ್ತು. ನಮ್ಮ ಸ್ಟೆಪ್ನಿ ಕಂಪನಿಯ ಸ್ಟೀಲ್ ರಿಮ್. ಅದರ ತೂತು ಹಬ್ಬಿನ ಅಳತೆಯದ್ದೇ. ಅಂದರೆ ರಿಂಗ್ ಕಿತ್ತು ತೆಗೆಯದೆ ಸ್ಟೆಪ್ನಿ ಕೂರುವುದೇ ಇಲ್ಲ! ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರ್ ತುದಿ ಸಂದಿಗೆ ಕೊಟ್ಟು, ಒಂದೊಂದು ಬದಿಯಿಂದ ಚೂರುಚೂರೇ ಮೀಟಿ ತೆಗೆದೆ. ಒಳಗಡೆಯೆಲ್ಲ ಬಿಳಿ ಪುಡಿ, ಕೆಂಪು ತುಕ್ಕು. ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಪ್ಲಾಸ್ಟಿಕ್ ರಿಂಗೂ ಸಿಗುತ್ತದೆ. ಅದಕ್ಕೆ ತುಕ್ಕಿನ ಕಾಟವಿಲ್ಲ, ಬೆಲೆಯೂ ಕಡಿಮೆ. ಆದರೆ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಡಿಸ್ಕ್ ಕಾಯುವುದು ನೆನೆದು ಅದನ್ನು ಮುಂದಿನ ಚಕ್ರಗಳಿಗೆ ಹಾಕಲು ಮನಸ್ಸು ಬರಲಿಲ್ಲ. ಹಿಂದೆ ಪ್ಲಾಸ್ಟಿಕ್, ಮುಂದೆ ಅಲ್ಯೂಮಿನಿಯಂ. ಈಗ ಹಾಗೇ ನಡೆಯುತ್ತಿದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿ, ಹಬ್ಬನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ, ಕಾಪರ್ ಗ್ರೀಸ್ ತೆಳ್ಳಗೆ ಸವರುತ್ತೇನೆ. ಡಿಸ್ಕಿಗೆ, ನಟ್‌ಗೆ ತಾಗಿಸುವುದಿಲ್ಲ. ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿದು, ಕೆಳಗಿಳಿಸಿದ ಮೇಲೆ ಕೊನೆಯ ಬಿಗಿ. ಟಯರ್ ಅಂಗಡಿಯಲ್ಲೂ ಗನ್ ಬೇಡ ಅಂತ ಹೇಳಿ ಪಕ್ಕದಲ್ಲೇ ನಿಲ್ಲುತ್ತೇನೆ. ಹುಡುಗರು ಮುಖ ಹುಳಿ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಈಗ ಐದಕ್ಕೆ ನಾಲ್ಕು. ಕಂಪನಿಯ ರಿಮ್ ಇದ್ದವರಿಗೆ ಇದು ಬೇಡವೇ ಬೇಡ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಮೊದಲು ಡಿಸ್ಕ್ ನೋಡಿಸಿ. ಸ್ಟೇರಿಂಗ್ ಅದುರದೆ ಸೀಟು ಅದುರಿದರೆ ಹಿಂದಿನ ಚಕ್ರ ನೋಡಿಸಿ. ಟಯರ್ ಉಬ್ಬಿದ್ದರೆ ರಿಂಗಿನ ಮಾತೇ ಇಲ್ಲ, ಟಯರನ್ನೇ ಬದಲಿಸಿ. ಇನ್ನು, ಕಾರಿನ ಹೆಸರು ಹೇಳಿ ರಿಂಗ್ ತರಿಸಬೇಡಿ. ಹಬ್‌ನ ಅಳತೆ ಕಾರಿನ ಮೇಲೆ ಹೋದರೆ ತೂತಿನ ಅಳತೆ ಅಲಾಯ್ ಮೇಲೆ ಹೋಗುತ್ತದೆ. ವರ್ನಿಯರ್ ಇಟ್ಟು ಎರಡನ್ನೂ ಅಳೆದೇ ಆರ್ಡರ್ ಮಾಡಿ.