ಸೆನ್‌ಹೈಸರ್ ಎಚ್‌ಡಿ 800 ಎಸ್: ಧ್ವನಿ ಹೇಗಿದೆ, ಆಂಪ್ ಯಾವುದು ಸಾಕು

ಸೆನ್‌ಹೈಸರ್ ಕಂಪನಿಯ ಎಚ್‌ಡಿ 800 ಎಸ್ ಹೆಡ್‌ಫೋನ್ ತಲೆಗೇರಿಸಿಕೊಂಡ ಮೊದಲ ಹತ್ತು ನಿಮಿಷ ಬಹಳ ಜನಕ್ಕೆ ನಿರಾಸೆಯೇ ಆಗುತ್ತದೆ. ಇಷ್ಟು ದುಡ್ಡು ಸುರಿದ ಮೇಲೆ ಎದೆ ನಡುಗಿಸುವ ಬಾಸ್ ಬರಬೇಕಲ್ಲ ಎಂದು ಕಾಯುತ್ತಾರೆ. ಅದು ಬರುವುದಿಲ್ಲ. ಇದರ ಕಸುಬು ಬೇರೆ. ಒಂದು ಕರ್ನಾಟಕ ಸಂಗೀತದ ಕಚೇರಿ ಹಾಕಿ, ಹಾಡುವವರನ್ನು ಬಿಟ್ಟು ಹಿಂದಿನ ತಂಬೂರಿಯನ್ನಷ್ಟೇ ಹಿಂಬಾಲಿಸಿ ನೋಡಿ. ಸಾಧಾರಣ ಹೆಡ್‌ಫೋನಿನಲ್ಲಿ ಅದು ಒಂದೇ ಝೇಂಕಾರ. ಇಲ್ಲಿ ಪಂಚಮ, ಸಾರಣಿ, ಅನುಸಾರಣಿ, ಮಂದರ ನಾಲ್ಕೂ ತಂತಿ ಮೀಟಿದ್ದು ಬಿಡಿಬಿಡಿಯಾಗಿ ಕೇಳುತ್ತದೆ. ತಂಬೂರಿಯ ಕುದುರೆಯ (ತಂತಿ ಹಾಯುವ ಮಣೆಯ) ಮೇಲೆ ಜೀವದ ದಾರ ಸರಿಯಾಗಿ ಕೂರದ ತಂತಿ ಯಾವುದು ಎನ್ನುವುದೂ ಕಿವಿ ಪಳಗಿದವರಿಗೆ ಸಿಕ್ಕಿಬಿಡುತ್ತದೆ.

ಮೃದಂಗಕ್ಕೆ ಬಂದರೆ ಮಾತು ಎರಡಾಗುತ್ತದೆ. ಬಲಗಡೆಯ ಚಾಪು, ಮೀಟು ಎಲ್ಲ ಉಗುರಿನಿಂದ ಗೀರಿದಷ್ಟು ಸ್ಪಷ್ಟ. ಏಟು ಬಿದ್ದ ಕ್ಷಣ, ಅದು ಆರುವ ಕ್ಷಣ ಎರಡಕ್ಕೂ ಅಂಚು ಇದೆ. ಎಡಗಡೆ ತೊಪ್ಪಿಯ ಗುಮ್ಕಿ ಮಾತ್ರ ಒಂದು ಪಾಲು ತೆಳು. ರವೆ ಹಚ್ಚಿದ ಚರ್ಮ ಉಬ್ಬಿ ಎಳೆಯುವ ಆ ತುಂಬು ದನಿ ಇದೆ ಎಂದು ಗೊತ್ತಾಗುತ್ತದೆ, ಆದರೆ ತಟ್ಟುವುದಿಲ್ಲ. ಅತಿ ಕೆಳಗಿನ ಬಾಸ್‌ನಲ್ಲಿ ಇದರ ಕರ್ವ್, ಅಂದರೆ ಯಾವ ಸ್ಥಾಯಿ ಎಷ್ಟು ಜೋರು ಎಂದು ತೋರುವ ಗೆರೆ, ಇಳಿಯುವುದೇ ಇದಕ್ಕೆ ಕಾರಣ. ತೆರೆದ ಬೆನ್ನಿನ ಡೈನಾಮಿಕ್ ಹೆಡ್‌ಫೋನುಗಳಲ್ಲಿ ಇದು ಸಾಮಾನ್ಯ. ರಾಮನವಮಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನ ಸ್ಪೀಕರುಗಳಿಂದ ಮೃದಂಗ ಕೇಳಿ ಅಭ್ಯಾಸವಾದವರಿಗಂತೂ ಇದು ಬಡಕಲು ಅನ್ನಿಸಿಯೇ ಅನ್ನಿಸುತ್ತದೆ. ಮೈಕ್ ಇಲ್ಲದೆ ನಾಲ್ಕು ಮಾರು ದೂರದಲ್ಲಿ ಕೂತು ಕೇಳಿದವರು ಇಷ್ಟು ಗಟ್ಟಿಯಾಗಿ ದೂರುವುದಿಲ್ಲ.

ವಿಶಾಲತೆಯ ವಿಷಯದಲ್ಲಿ ಈ ಬೆಲೆಯಲ್ಲಿ ಇದನ್ನು ಮೀರಿಸುವವರು ಕಡಿಮೆ. 56 ಎಂಎಂ ರಿಂಗ್ ರೇಡಿಯೇಟರ್ (ಉಂಗುರದಾಕಾರದ) ಡ್ರೈವರನ್ನು, ಅಂದರೆ ಧ್ವನಿ ಹುಟ್ಟಿಸುವ ಭಾಗವನ್ನು, ಕಿವಿಯ ಮುಂದೆ, ಓರೆಯಾಗಿ ಕೂರಿಸಿದ್ದಾರೆ. ಕಿವಿಯನ್ನು ಮುಟ್ಟದ ದೊಡ್ಡ ಕಪ್, ತೂಕ 330 ಗ್ರಾಂ. ಸಭಾಂಗಣದಲ್ಲಿ ಎರಡು ಮೈಕ್ ಇಟ್ಟು ಮಾಡಿದ ರೆಕಾರ್ಡಿಂಗ್ ಆದರೆ ಪಿಟೀಲು, ಘಟ, ಚಪ್ಪಾಳೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಸ್ಟುಡಿಯೋದಲ್ಲಿ ಒಂದೊಂದೇ ಟ್ರ್ಯಾಕ್ ಹಾಡಿಸಿ ಸೇರಿಸಿದ ಭಾವಗೀತೆಯಲ್ಲಿ ಇದೇ ಗುಣ ಕಾಟವಾಗುತ್ತದೆ: ದನಿ ನೆತ್ತಿಯ ನಡುವೆ, ತಬಲಾ ಬಲಗಡೆ ಎಲ್ಲೋ, ಕೊಳಲು ಎಡಗಡೆ ಇನ್ನೆಲ್ಲೋ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಖಾಲಿ. ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಫೈಲಾದರೆ ಹಿಸ್ ಕೂಡ ವಿಶಾಲವಾಗಿ ಹರಡಿಕೊಳ್ಳುತ್ತದೆ!

2009ರ ಮೂಲ ಎಚ್‌ಡಿ 800ಗೆ 6 ಕಿಲೋಹರ್ಟ್ಸ್ ಬಳಿ ಚೂಪಾದ ಏರು ಇತ್ತು, 'ಸ', 'ಷ' ಬಂದಲ್ಲೆಲ್ಲ ಚುಚ್ಚುತ್ತಿತ್ತು. 2016ರ ಎಸ್ ಮಾದರಿಯಲ್ಲಿ ಆ ಅನುರಣನವನ್ನು ಹೀರುವ ಅಬ್ಸಾರ್ಬರ್ ಸೇರಿಸಿದರು. ಬಹುಮಟ್ಟಿಗೆ ಇಳಿದಿದೆ, ಪೂರ್ತಿ ಹೋಗಿಲ್ಲ. ಮೈಕಿಗೆ ಬಾಯಿ ತಾಗಿಸಿ ಹಾಡಿದ ರೆಕಾರ್ಡಿಂಗ್, ನಾದಸ್ವರ, ಯಕ್ಷಗಾನದ ಚಂಡೆ ಈ ಮೂರರಲ್ಲಿ ಇಂದಿಗೂ ವಾಲ್ಯೂಮ್ ಕಡೆಗೆ ಕೈ ಹೋಗುತ್ತದೆ. ಕೇಳುವುದು ಹೆಚ್ಚಾಗಿ ಸುಗಮ ಸಂಗೀತ, ಸಿನಿಮಾ ಹಾಡು ಎನ್ನುವವರಿಗೆ ನೇರವಾಗಿ ಹೇಳಬೇಕೆಂದರೆ, 2003ರಿಂದ ಇರುವ ಎಚ್‌ಡಿ 650 ಸಾಕು. ದನಿ ಹತ್ತಿರ, ಮೆತ್ತಗೆ, ಬೆಲೆಯೂ ಎಷ್ಟೋ ಕಡಿಮೆ.

ಈಗ ಆಂಪ್, ಅಂದರೆ ಹೆಡ್‌ಫೋನಿಗೆ ಬಲ ಕೊಡುವ ಆಂಪ್ಲಿಫೈಯರ್. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. "ಸಾರ್, ಇದು 300 ಓಮ್, ಇದಕ್ಕೆ ದೊಡ್ಡ ಆಂಪೇ ಬೇಕು" ಎಂದು ಅಂಗಡಿಯಲ್ಲಿ ಹೇಳುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಓಮ್, ಅಂದರೆ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಒಂದನ್ನೇ ನೋಡಿ ಯಾವತ್ತೂ ನಿರ್ಧರಿಸಬೇಡಿ, ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಎನ್ನುವ ಅಂಕಿ) ಜೊತೆಗಿಟ್ಟು ಲೆಕ್ಕ ಹಾಕಿ. ಎಚ್‌ಡಿ 800 ಎಸ್‌ಗೆ ಕಂಪನಿ ಕೊಡುವ ಅಂಕಿ 1 ವೋಲ್ಟ್‌ಗೆ 102 ಡಿಬಿ. ಮನೆಯಲ್ಲಿ ಹಿತವಾಗಿ ಕೇಳುವ 75 ಡಿಬಿ ಸರಾಸರಿಗೆ 0.05 ವೋಲ್ಟ್ ಕೂಡ ಬೇಡ. ತನಿ ಆವರ್ತನದ ಕೊನೆಯ ಮುಕ್ತಾಯಕ್ಕೆ 110 ಡಿಬಿ ಶಿಖರ ಬೇಕು ಎಂದಿಟ್ಟುಕೊಂಡರೂ 8 ಡಿಬಿ ಏರಿಕೆ, ಅಂದರೆ 2.5 ವೋಲ್ಟ್, 21 ಮಿಲಿವಾಟ್, 8 ಮಿಲಿಆಂಪಿಯರ್. ಇದರ ಮೇಲೆ ಈಕ್ವಲೈಜರಿನಲ್ಲಿ ಬಾಸ್ 5 ಡಿಬಿ ಎತ್ತುವುದಾದರೆ 4.5 ವೋಲ್ಟ್. ಹಾಗಾಗಿ 300 ಓಮ್‌ಗೆ ಶುದ್ಧವಾಗಿ 5 ವೋಲ್ಟ್, ಅಂದರೆ ಸುಮಾರು 83 ಮಿಲಿವಾಟ್ ಕೊಡುವ ಆಂಪ್ ಸಿಕ್ಕರೆ ಕೆಲಸ ಮುಗಿಯಿತು.

ಬಾಕ್ಸಿನ ಮೇಲೆ ಬರೆಯುವ ವಾಟ್ ಹೆಚ್ಚಾಗಿ 32 ಓಮ್ ಲೆಕ್ಕದ್ದು. ಅದನ್ನು ಹೀಗೆ ಓದಿ: 32 ಓಮ್‌ಗೆ 1 ವಾಟ್ ಎಂದರೆ ಸುಮಾರು 5.7 ವೋಲ್ಟ್. ಆ ವೋಲ್ಟೇಜ್ 300 ಓಮ್‌ಗೂ ಕನಿಷ್ಠ ಅಷ್ಟೇ ಸಿಗುತ್ತದೆ. ಹಾಗಾಗಿ ಜೆಡಿಎಸ್ ಲ್ಯಾಬ್ಸ್ ಆಟಮ್, ಶಿಟ್ ಮ್ಯಾಗ್ನಿ, ಟಾಪಿಂಗ್ ಎಲ್30 ಮಟ್ಟದ ಸಣ್ಣ ಡಬ್ಬಿಗಳು ಈ ಹೆಡ್‌ಫೋನನ್ನು ಏದುಸಿರು ಬಿಡದೆ ನಡೆಸುತ್ತವೆ. ಮೊಬೈಲ್‌ಗೆ ಹಾಕುವ 1 ವೋಲ್ಟ್ ಡಾಂಗಲ್ ಮಾತ್ರ ಸೋಲುತ್ತದೆ. ಹೊಸ ಹಾಡಿಗೆ ಸಾಕಾದರೂ, ಆಕಾಶವಾಣಿಯ ಹಳೆಯ ಕಚೇರಿಗಳ ಲೆವೆಲ್ ತೀರ ಕೆಳಗಿರುತ್ತದೆ, ಅಲ್ಲಿ ಪೂರ್ತಿ ತಿರುಗಿಸಿದರೂ ತೃಪ್ತಿ ಇಲ್ಲ.

ಹಾಗಾದರೆ ಟ್ಯೂಬ್ ಆಂಪ್ ಹಾಕಿದಾಗ "ತುಂಬಿಕೊಂಡಿತು" ಎನ್ನುತ್ತಾರಲ್ಲ, ಸುಳ್ಳೇ? ಸುಳ್ಳಲ್ಲ, ಲೆಕ್ಕಕ್ಕೆ ಸಿಗುವ ಸತ್ಯ. ಎಚ್‌ಡಿ 800 ಎಸ್‌ನ ಇಂಪೀಡೆನ್ಸ್ ಎಲ್ಲ ಕಡೆ 300 ಅಲ್ಲ. 100 ಹರ್ಟ್ಸ್ ಆಸುಪಾಸು ಅದು 600 ಓಮ್ ಕಡೆಗೆ ಏರುತ್ತದೆ. ಬಾಟಲ್‌ಹೆಡ್ ಕ್ರ್ಯಾಕ್‌ನಂಥ ಓಟಿಎಲ್, ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಹತ್ತಿರ. ಈ ಎರಡೂ ಸೇರಿ ವೋಲ್ಟೇಜ್ ಹಂಚಿಕೊಂಡಾಗ, 100 ಹರ್ಟ್ಸ್ ಬಳಿ ಉಳಿದ ಭಾಗಕ್ಕಿಂತ 1 ಡಿಬಿಗೂ ಸ್ವಲ್ಪ ಹೆಚ್ಚು ಉಳಿಯುತ್ತದೆ. ಕಾಗದದ ಮೇಲೆ ಚಿಕ್ಕದು, ಆದರೆ ತೊಪ್ಪಿ, ವೀಣೆಯ ಮಂದ್ರ, ಗಂಡು ದನಿಯ ಬುಡ ಎಲ್ಲ ಆ ಜಾಗದ ಸುತ್ತಲೇ ಇರುವುದರಿಂದ ಕಿವಿಗೆ ದೊಡ್ಡದು. ಈ ಹೆಡ್‌ಫೋನಿಗೆ ಕೊರತೆ ಇರುವುದೂ ಬಾಸ್ ಕಡೆಯೇ. ಟ್ಯೂಬಿನ 'ಮಾಧುರ್ಯ'ದಲ್ಲಿ ದೊಡ್ಡ ಪಾಲು ಇದು. ಬೇಡವೆನ್ನುವವರು ಅದೇ 1 ಡಿಬಿಯನ್ನು ಈಕ್ವಲೈಜರಿನಲ್ಲಿ ಬಿಟ್ಟಿಯಾಗಿ ಪಡೆಯಬಹುದು.

ಓಟಿಎಲ್ ತಂದರೆ ಕೆಲವು ಶಿಸ್ತು ಬೇಕು. ಔಟ್‌ಪುಟ್‌ನಲ್ಲಿ ದೊಡ್ಡ ಕೆಪ್ಯಾಸಿಟರ್ ಇರುತ್ತದೆ. ಆನ್ ಮಾಡಿದಾಗ ಅದು ಚಾರ್ಜ್ ಆಗುವವರೆಗೆ ಹೆಡ್‌ಫೋನ್ ಚುಚ್ಚಬೇಡಿ, ಒಂದು ನಿಮಿಷ ಬಿಡಿ. ಆಫ್ ಮಾಡುವ ಮುಂಚೆ ಕಿತ್ತುಬಿಡಿ. ಇಂಥ ಆಂಪ್‌ಗಳಲ್ಲಿ ಹಾಕುವ 6ಎಎಸ್7 ಟ್ಯೂಬಿನ ಹೀಟರ್ ಒಂದೇ 6.3 ವೋಲ್ಟ್‌ಗೆ 2.5 ಆಂಪಿಯರ್ ತಿನ್ನುತ್ತದೆ, ಹೆಚ್ಚುಕಮ್ಮಿ 16 ವಾಟ್ ಬರೀ ಶಾಖ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಆರಿಸಿ ಸಣ್ಣ ಕೋಣೆಯಲ್ಲಿ ಕೇಳುವವರು ಇದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ. ತೆರೆದ ಬೆನ್ನಿನ ಹೆಡ್‌ಫೋನಿಗೆ ಫ್ಯಾನ್ ಆರಿಸಲೇಬೇಕು, ಗಾಳಿಯ ಭೋರ್ ನೇರ ಒಳಗೆ ಬರುತ್ತದೆ. ರಸ್ತೆಬದಿಯ ಮನೆಯಾದರೆ ರಾತ್ರಿ ಹತ್ತರ ನಂತರವೇ ಇದರ ಸೊಗಸು.

ಇದೇ ಟ್ಯೂಬ್ ಆಂಪಿಗೆ ಪ್ಲೇನಾರ್ (ಅಯಸ್ಕಾಂತದ ಬಳಿ ತೆಳು ಹಾಳೆ ಅಲುಗಿ ಧ್ವನಿ ಕೊಡುವ) ಹೆಡ್‌ಫೋನ್ ಹಾಕಬೇಡಿ. ಆಡೀಜಿ ಎಲ್‌ಸಿಡಿ-ಎಕ್ಸ್ 20 ಓಮ್. 120 ಓಮ್ ಮೂಲಕ್ಕೆ ಸೇರಿಸಿದರೆ ಏಳರಲ್ಲಿ ಒಂದು ಪಾಲು ವೋಲ್ಟೇಜ್ ಮಾತ್ರ ಹೆಡ್‌ಫೋನಿಗೆ, ಉಳಿದದ್ದು ಆಂಪಿನೊಳಗೇ ವ್ಯರ್ಥ. ಪ್ಲೇನಾರಿನ ಇಂಪೀಡೆನ್ಸ್ ಚಪ್ಪಟೆ ಇರುವುದರಿಂದ ಬಾಸ್ ಏರುವ ಲಾಭವೂ ಇಲ್ಲ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದ್ದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎನ್ನುವ ಹಳೆಯ ನಿಯಮ ಇಂಥವಕ್ಕೇ ಇರುವುದು. ಎಲ್‌ಸಿಡಿ-ಎಕ್ಸ್ 1 ಮಿಲಿವಾಟ್‌ಗೇ 103 ಡಿಬಿ ಕೊಡುತ್ತದೆ, ಹಾಗಾಗಿ ಅಲ್ಲಿನ ತೊಂದರೆ ತಿರುಗಾಮುರುಗಾ. ಹೈ ಗೇನ್‌ನಲ್ಲಿ (ಆಂಪ್ ಹೆಚ್ಚು ಎತ್ತುವ ಸೆಟ್ಟಿಂಗಿನಲ್ಲಿ) ವಾಲ್ಯೂಮ್ ನಾಬ್ ಗಡಿಯಾರದ ಎಂಟು ಗಂಟೆಯ ಜಾಗ ದಾಟುವುದಿಲ್ಲ, ಅಗ್ಗದ ಪೊಟೆನ್ಶಿಯೋಮೀಟರ್ ಆ ಜಾಗದಲ್ಲಿ ಎಡ-ಬಲ ಸಮ ಇರುವುದಿಲ್ಲ, ಹಾಡು ಒಂದು ಕಿವಿಗೆ ವಾಲುತ್ತದೆ. ಲೋ ಗೇನ್‌ಗೆ ಹಾಕಿ, ಸಾಲದಿದ್ದರೆ ಡ್ಯಾಕ್‌ನಲ್ಲಿ (ಡಿಜಿಟಲ್ ಫೈಲನ್ನು ಧ್ವನಿ ಸಂಕೇತವಾಗಿಸುವ ಪೆಟ್ಟಿಗೆಯಲ್ಲಿ) 10 ಡಿಬಿ ಇಳಿಸಿ. ನಿಜವಾಗಿ ದೊಡ್ಡ ಆಂಪ್ ಕೇಳುವುದು ಹೈಫೈಮ್ಯಾನ್ ಸುಸ್ವರ. 60 ಓಮ್, 1 ಮಿಲಿವಾಟ್‌ಗೆ 83 ಡಿಬಿ. ಅದೇ 110 ಡಿಬಿ ಶಿಖರಕ್ಕೆ 500 ಮಿಲಿವಾಟ್, 90 ಮಿಲಿಆಂಪಿಯರ್. ಎಚ್‌ಡಿ 800 ಎಸ್ ಕೇಳುವ ಕರೆಂಟಿನ ಹತ್ತು ಪಟ್ಟಿಗೂ ಮೇಲು.

ಬ್ಯಾಲೆನ್ಸ್ಡ್, ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಪ್ಲಸ್-ಮೈನಸ್ ಇರುವ ಜೋಡಣೆ ಬೇಕೇ? ಪೆಟ್ಟಿಗೆಯಲ್ಲೇ 6.35 ಎಂಎಂ ಜೊತೆ 4.4 ಎಂಎಂ ಕೇಬಲ್ ಬರುವುದರಿಂದ ಆಸೆ ಸಹಜ. ಒಂದೇ ಆಂಪಿನಲ್ಲಿ ವೋಲ್ಟೇಜ್ ದುಪ್ಪಟ್ಟಾಗಬಹುದು, ಅಷ್ಟೇ. ಮೇಲಿನ ಲೆಕ್ಕದ ಪ್ರಕಾರ ಅದರ ಅಗತ್ಯ ಇಲ್ಲ. ಆದರೆ ಒಂದು ಅಪಾಯ ತಿಳಿದಿರಲಿ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲ ಥರದ ಅಡಾಪ್ಟರ್ ಸಿಗುತ್ತದೆ, ಅಂಗಡಿಯವರು ಕೇಳಿದ್ದನ್ನು ಕೊಡುತ್ತಾರೆ. 4.4 ಎಂಎಂ ಹೆಡ್‌ಫೋನ್ ಕೇಬಲನ್ನು 6.35 ಎಂಎಂ ಸಾಕೆಟ್ಟಿಗೆ ಇಳಿಸುವ ಅಡಾಪ್ಟರ್ ಸುರಕ್ಷಿತ. ಇದರ ಉಲ್ಟಾ, ಅಂದರೆ ಬ್ಯಾಲೆನ್ಸ್ಡ್ ಸಾಕೆಟ್ಟಿಗೆ ಮಾಮೂಲಿ ಮೂರು ಕಂಡಕ್ಟರಿನ ಪ್ಲಗ್ ಹಾಕಿಸುವ ಅಡಾಪ್ಟರ್, ಎಡ-ಬಲಗಳ ಮೈನಸ್ ಎರಡನ್ನೂ ಒಟ್ಟಿಗೆ ಶಾರ್ಟ್ ಮಾಡುತ್ತದೆ. ಆ ಮೈನಸ್‌ಗಳು ಗ್ರೌಂಡ್ ಅಲ್ಲ, ಅವೂ ಆಂಪಿನ ಔಟ್‌ಪುಟ್‌ಗಳೇ. ಆಂಪ್ ಸುಡಬಹುದು. ಕೇಬಲ್ ನೀವೇ ಬೆಸುಗೆ ಹಾಕುವುದಾದರೆ 4.4ರ ತುದಿಯಿಂದ ಹಿಂದಕ್ಕೆ ಕ್ರಮ ಇದು: ಎಡ ಪ್ಲಸ್, ಎಡ ಮೈನಸ್, ಬಲ ಪ್ಲಸ್, ಬಲ ಮೈನಸ್, ಕೊನೆಯದು ಗ್ರೌಂಡ್.

ಹಮ್ (ಗುಂಯ್‌ಗುಡುವ ಸದ್ದು) ಬಂದರೆ ಆಂಪನ್ನು ಬೈಯುವ ಮುಂಚೆ ಗೋಡೆ ನೋಡಿ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ಥಿಂಗ್ ಒಣಗಿ ಹೋಗಿರುವುದುಂಟು. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗಿಟ್ಟು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿರಿ. ಎರಡು ಮೂರು ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್ ಕರೆಸುವ ಕೆಲಸ. ಅರ್ಥ್ ಸರಿ ಇದ್ದೂ ಕಂಪ್ಯೂಟರ್ ಮೌಸ್ ಅಲುಗಿಸಿದಾಗ ಚಿರ್ ಚಿರ್ ಎಂದರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರ್, ಡ್ಯಾಕ್, ಆಂಪ್ ಮೂರನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ. ಹೋಗದಿದ್ದರೆ ಯುಎಸ್‌ಬಿ ಬದಲು ಆಪ್ಟಿಕಲ್ ಕೇಬಲ್ ಬಳಸಿ. ಅರ್ಥ್ ಪಿನ್ ಮುರಿದು ಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ, ಜೀವದ ಪ್ರಶ್ನೆ.

ಎರಡು ಆಂಪ್ ಹೋಲಿಸುವಾಗ ವಾಲ್ಯೂಮ್ ಕಿವಿಯಿಂದ ಹೊಂದಿಸಬೇಡಿ. ತುಸು ಜೋರಾಗಿರುವುದೇ ಚೆನ್ನಾಗಿ ಕೇಳುತ್ತದೆ. 400 ಹರ್ಟ್ಸ್ ಸೈನ್ ಟೋನ್ ಹಾಕಿ, ಹೆಡ್‌ಫೋನ್ ಚುಚ್ಚಿದಂತೆಯೇ ಔಟ್‌ಪುಟ್ ವೋಲ್ಟೇಜ್ ಅಳೆದು, ಎರಡರ ವ್ಯತ್ಯಾಸ ಶೇಕಡಾ 1ರೊಳಗೆ ತನ್ನಿ. 100 ಹರ್ಟ್ಸ್ ಬಳಸಿದರೆ ಇಂಪೀಡೆನ್ಸಿನ ಗುಡ್ಡದ ಮೇಲೆಯೇ ಅಳೆದಂತಾಗಿ ಟ್ಯೂಬ್ ಆಂಪಿನ ಲೆಕ್ಕ ತಪ್ಪುತ್ತದೆ. ಇಷ್ಟು ಮಾಡಿದ ಮೇಲೆ, 1 ಓಮ್‌ಗಿಂತ ಕಡಿಮೆ ಔಟ್‌ಪುಟ್ ಇಂಪೀಡೆನ್ಸ್ ಇರುವ ಎರಡು ಒಳ್ಳೆಯ ಸಾಲಿಡ್ ಸ್ಟೇಟ್ (ಟ್ಯೂಬ್ ಇಲ್ಲದ) ಆಂಪ್‌ಗಳ ನಡುವೆ ಉಳಿಯುವ ಅಂತರಕ್ಕೆ ಹತ್ತಾರು ಸಾವಿರ ಕೊಡುವುದು ದಂಡ.

ಆ ದುಡ್ಡಿನಲ್ಲಿ ಕಿವಿಮೆತ್ತೆ ಬದಲಿಸಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಎಚ್‌ಡಿ 800 ಎಸ್‌ನ ಮೈಕ್ರೋಫೈಬರ್ ಪ್ಯಾಡ್ ಆಗಿಬರುವುದಿಲ್ಲ. ಎಣ್ಣೆ ಕುಡಿದು ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ಧ್ವನಿಯೇ ಬೇರೆಯಾಗುತ್ತದೆ. ಜನ ಅದನ್ನು ಆಂಪಿನ ತಲೆಗೆ ಕಟ್ಟುತ್ತಾರೆ. ಇನ್ನು ಬಾಸ್ ಕೊರತೆಗೆ, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಓ ಎಂಬ ತಂತ್ರಾಂಶ ಉಚಿತ. 80 ಹರ್ಟ್ಸ್ ಕೆಳಗೆ ಲೋ ಶೆಲ್ಫ್ (ಕೆಳಗಿನದನ್ನೆಲ್ಲ ಒಟ್ಟಿಗೆ ಎತ್ತುವ ಫಿಲ್ಟರ್) 4ರಿಂದ 5 ಡಿಬಿ ಏರಿಸಿ, 6 ಕಿಲೋಹರ್ಟ್ಸ್ ಬಳಿ 2 ಡಿಬಿ ಇಳಿಸಿ, ಪ್ರೀಆಂಪ್ (ಅದರಲ್ಲಿನ ಒಟ್ಟು ಮಟ್ಟದ ಸೆಟ್ಟಿಂಗ್) ಮೈನಸ್ 5.5 ಡಿಬಿಗೆ ಇಡಿ. ಪ್ರೀಆಂಪ್ ಇಳಿಸದಿದ್ದರೆ ಗುಮ್ಕಿ ಬಿದ್ದ ಕಡೆ ಡಿಜಿಟಲ್ ಕ್ಲಿಪ್ಪಿಂಗ್ ಕರಕರ ಎನ್ನುತ್ತದೆ.

ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ಆಂಪ್ ತರಿಸುವವರು ಇಲ್ಲಿ ಬಹಳ. ಶಿಟ್ ಮ್ಯಾಗ್ನಿ, ಆಟಮ್ ಎರಡಕ್ಕೂ ಬರುವುದು ಎಸಿ ಔಟ್‌ಪುಟ್ ಕೊಡುವ ಅಡಾಪ್ಟರ್, ಅಲ್ಲಿನದು ಅಲ್ಲಿನ ಮೇನ್ಸ್ ವೋಲ್ಟೇಜಿಗೆ ಮಾಡಿದ್ದು. ನಮ್ಮ 230 ವೋಲ್ಟ್‌ಗೆ ಪಿನ್ ಬದಲಿಸುವ ಪ್ಲಗ್ ಸಿಕ್ಕಿಸಿ ಹಾಕಿದರೆ ಹೊಗೆ ಬರುತ್ತದೆ. ಮನೆಯಲ್ಲಿರುವ ರೂಟರಿನ ಡಿಸಿ ಅಡಾಪ್ಟರೂ ನಡೆಯದು. ಆರ್ಡರ್ ಮಾಡುವಾಗಲೇ 230 ವೋಲ್ಟ್ ಅಡಾಪ್ಟರ್ ಆಯ್ಕೆ ಮಾಡಿ. ಒಳಗೇ ಟ್ರಾನ್ಸ್‌ಫಾರ್ಮರ್ ಇರುವ ಆಂಪಾದರೆ ಹಿಂಬದಿಯ ವೋಲ್ಟೇಜ್ ಸ್ವಿಚ್ 230ರಲ್ಲಿದೆಯೇ ನೋಡಿ ಆಮೇಲೆ ಆನ್ ಮಾಡಿ.