ವಿನಾಯಿತಿಯೋ ವಿಮೆಯೋ: ಹಾಳೆ ತಟ್ಟೆ ಘಟಕದಲ್ಲಿ ನಾನು ತುಳಿದು ನೋಡಿದ ದಾರಿಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕವನ್ನೋ ಅಡಿಕೆ ಸುಲಿಯುವ ಯಂತ್ರವನ್ನೋ ನಡೆಸುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: "ನಮ್ಮದು ಸಣ್ಣ ಘಟಕ. ಕೆಲಸಗಾರರ ವಿಮೆಯಿಂದ ನಮಗೆ ವಿನಾಯಿತಿ ಇದೆ." ನಾನೂ ಶಿರಸಿಯ ಹತ್ತಿರ ಹಾಳೆ ತಟ್ಟೆ ಮಾಡಿಸುವವನು. ಈ ವಿಷಯದಲ್ಲಿ ಸಿಗುವ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದೇನೆ. ಆ ಮಾತು ಅಪಾಯಕಾರಿ ಎಂದು ನನಗೆ ಖಚಿತವಾಗಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

1923ರ ನೌಕರರ ಪರಿಹಾರ ಕಾಯ್ದೆ ನಮ್ಮಂಥ ಮಾಲೀಕರಿಗೆ ವಿಮೆ ಮಾಡಿಸಲೇಬೇಕು ಎಂದು ಹೇಳಿರಲಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆಯನ್ನು ಮಾತ್ರ ನಮ್ಮ ಮೇಲೆ ಹೊರಿಸಿತ್ತು. ವಿದ್ಯುತ್ತಿನಿಂದ ನಡೆಯುವ ತಯಾರಿಕಾ ಘಟಕವಾದರೆ ಒಬ್ಬನೇ ಕೆಲಸಗಾರನಿದ್ದರೂ ಆ ಹೊಣೆ ಇದ್ದೇ ಇತ್ತು. ದಿನಗೂಲಿಯವರೂ ಅದರಲ್ಲಿ ಸೇರಿದ್ದರು. ಹಾಗಾಗಿ ವಿಮೆ ಇಲ್ಲ ಎಂದರೆ ಹೊಣೆ ಇಲ್ಲ ಎಂದಲ್ಲ, ಅಷ್ಟೂ ಹೊಣೆ ನಮ್ಮ ಮನೆ, ತೋಟ, ಉಳಿತಾಯದ ಮೇಲೆ ಬಿತ್ತು ಎಂದರ್ಥ.

ಮೊತ್ತ ಎಷ್ಟಾದೀತು ಎಂದು ಲೆಕ್ಕ ಹಾಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿಯಿಂದ ತಿಂಗಳಿಗೆ 15,000 ರೂಪಾಯಿ. ಅಷ್ಟು ಸಂಬಳದ, 40 ವರ್ಷದ ಕೆಲಸಗಾರ ತೀರಿಕೊಂಡರೆ ಸಂಬಳದ ಅರ್ಧವನ್ನು ಆ ವಯಸ್ಸಿನ ಗುಣಕ 184.17ರಿಂದ ಗುಣಿಸಬೇಕು. ಅದು 13,81,275 ರೂಪಾಯಿ. ಸಾವಿನ ಮಾತು ಹಾಗಿರಲಿ. ನಮ್ಮ ಕೆಲಸದಲ್ಲಿ ಹೋಗುವುದು ಬೆರಳು. ನೆನೆಸಿದ ಹಾಳೆಯನ್ನು ಒಂದು ಕೈಯಿಂದ ಬಿಸಿ ಡೈ, ಅಂದರೆ ತಟ್ಟೆಯ ಆಕಾರ ಒತ್ತುವ ಅಚ್ಚಿನ ಮೇಲೆ ಹಾಸಿ, ಅಂಚನ್ನು ಸರಿಪಡಿಸುತ್ತಿರುವಾಗಲೇ ಇನ್ನೊಂದು ಕೈ ಹಿಡಿಕೆ ಎಳೆದುಬಿಡುತ್ತದೆ. ದಿನವಿಡೀ ಅದೇ ಲಯ, ಸಂಜೆಯ ಹೊತ್ತಿಗೆ ಕಣ್ಣು ಬಳಲಿರುತ್ತದೆ. ತೋರುಬೆರಳು ಪೂರ್ತಿ ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಅದು ಶೇ 14ರಷ್ಟು ದುಡಿಮೆಯ ನಷ್ಟ. ಶಾಶ್ವತ ಊನಕ್ಕೆ ಸಂಬಳದ ಅರ್ಧದ ಬದಲು ಶೇ 60 ಹಿಡಿಯುವುದರಿಂದ, ಮೇಲೆ ಹೇಳಿದ ಕೆಲಸಗಾರನಿಗೆ 2,32,054 ರೂಪಾಯಿ ಕೊಡಬೇಕು. ಚಿಕಿತ್ಸೆಯ ಖರ್ಚು ಬೇರೆ.

ಈ ಹೊಣೆಯಿಂದ ನುಣುಚಿಕೊಳ್ಳಲು ನಮ್ಮ ಕಡೆ ಎರಡು ಉಪಾಯ ಹೇಳುತ್ತಾರೆ. ಒಂದು, "ಏನಾದರೂ ಆದರೆ ನಾನೇ ಜವಾಬ್ದಾರ" ಎಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆಸಿಕೊಳ್ಳುವುದು. ಅದನ್ನು ನಾನು ಮಾಡಲಿಲ್ಲ. ಕಾಯ್ದೆಯ 17ನೇ ಕಲಂ ಅಂಥ ಒಪ್ಪಂದವನ್ನೇ ಅಸಿಂಧು ಎಂದಿತ್ತು. ಹೊಟ್ಟೆಪಾಡಿಗೆ ಬಂದವರ ಕೈಯಿಂದ ಅಂಥ ಸಹಿ ಹಾಕಿಸುವುದು ನ್ಯಾಯವೂ ಅಲ್ಲ. ಇನ್ನೊಂದು, ಕೆಲಸವನ್ನು ಗುತ್ತಿಗೆಗೆ ಕೊಡುವುದು. ಇದನ್ನು ಒಂದು ಹಂಗಾಮು ಮಾಡಿ ನೋಡಿದೆ. ಹಾಜರಿ ಬರೆಯುವ ಕೆಲಸ ತಪ್ಪಿತೇ ಹೊರತು ಹೊಣೆ ತಪ್ಪಲಿಲ್ಲ. 12ನೇ ಕಲಮಿನ ಪ್ರಕಾರ ಗುತ್ತಿಗೆದಾರನ ಆಳಿಗೆ ಗಾಯವಾದರೂ ಪರಿಹಾರವನ್ನು ಮೂಲ ಮಾಲೀಕನಿಂದ ಕೇಳಬಹುದಿತ್ತು. ಕೊಟ್ಟ ಮೇಲೆ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಮಗಿತ್ತು. ಆದರೆ ಒಂದು ಬೈಕು, ಒಂದು ಮೊಬೈಲು ಬಿಟ್ಟರೆ ಬೇರೇನೂ ಇಲ್ಲದ ಗುತ್ತಿಗೆದಾರನಿಂದ ಏನನ್ನು ವಸೂಲು ಮಾಡುವುದು?

ಇನ್ನು ವಿಮೆಗಳು. ಎಲ್ಲಕ್ಕಿಂತ ಅಗ್ಗದ್ದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ. 2015ರಲ್ಲಿ 12 ರೂಪಾಯಿಗೆ ಶುರುವಾದದ್ದು 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಆಗಿದೆ. ನಮ್ಮಲ್ಲಿ ದುಡಿಯುವ ಎಲ್ಲರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ ಸೇರಿಸಿದೆ, ಈಗಲೂ ಮುಂದುವರಿಸಿದ್ದೇನೆ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕಣ್ಣೋ ಒಂದು ಕೈಯೋ ಹೋದರೆ 1 ಲಕ್ಷ. ಬೆರಳಿಗೆ ಏನೂ ಇಲ್ಲ. ಕುಟುಂಬಕ್ಕೆ ಒಂದು ಆಸರೆ ಎಂಬ ಮಟ್ಟಿಗೆ ಒಳ್ಳೆಯದೇ, ಮಾಲೀಕನ ಹೊಣೆಗೂ ಅದಕ್ಕೂ ಸಂಬಂಧವಿಲ್ಲ.

ಗುಂಪು ಅಪಘಾತ ವಿಮೆಯ ವಿಷಯದಲ್ಲಿ ನನಗೆ ಬೇಸರವಿದೆ. "ಇದೊಂದಿದ್ದರೆ ಸಾಕು ಯಜಮಾನರೇ, ಬೇರೆ ಯಾವುದೂ ಬೇಡ" ಎಂದು ಹೇಳಿಯೇ ಏಜೆಂಟರು ಅದನ್ನು ಮಾರಿದ್ದರು. ಪಾಲಿಸಿಯ ಪುಟಗಳು ಕೈಗೆ ಬಂದ ಮೇಲೆ ಓದಿದರೆ ಅದು ಕೆಲಸಗಾರನಿಗೆ ನಿಗದಿತ ಮೊತ್ತ ಕೊಡುವ ಕರಾರು ಮಾತ್ರ. ಕಾಯ್ದೆಯ ಪ್ರಕಾರ ನಾನು ಕೊಡಬೇಕಾದದ್ದನ್ನು ಅದು ತೀರಿಸುವುದಿಲ್ಲ. ಕಂಪನಿ ಅವರಿಗೆ ಹಣ ಕೊಟ್ಟ ಮೇಲೂ ನನ್ನ ಮೇಲಿನ ಹಕ್ಕು ಅವರಿಗೆ ಹಾಗೆಯೇ ಉಳಿಯುತ್ತದೆ. ಹೆಚ್ಚುವರಿ ಉಪಕಾರವಾಗಿ ಮಾಡಿಸುವುದಾದರೆ ಮಾಡಿಸಿ, ಹೊಣೆ ಇಳಿಯಿತು ಎಂದು ನಂಬಬೇಡಿ.

ಹೊಣೆಯನ್ನೇ ಹೊರುವುದು ಸಾಮಾನ್ಯ ವಿಮಾ ಕಂಪನಿಗಳ ನೌಕರರ ಪರಿಹಾರ ಪಾಲಿಸಿ. ಹಳಬರು ಇದನ್ನು ಇನ್ನೂ ವರ್ಕ್‌ಮೆನ್ ಪಾಲಿಸಿ ಎಂದೇ ಕರೆಯುತ್ತಾರೆ. ಪ್ರೀಮಿಯಂ ನಿಂತಿರುವುದು ಎರಡು ಸಂಗತಿಗಳ ಮೇಲೆ: ಕೆಲಸ ಎಷ್ಟು ಅಪಾಯದ್ದು, ವರ್ಷಕ್ಕೆ ಒಟ್ಟು ಕೂಲಿ ಎಷ್ಟು. ಇಲ್ಲಿ ಬಹಳ ಜನ ಕೂಲಿಯನ್ನು ಕಡಿಮೆ ತೋರಿಸಿ ನೂರಿನ್ನೂರು ಉಳಿಸಲು ನೋಡುತ್ತಾರೆ. ಈ ಪಾಲಿಸಿ ಇದ್ದ ವರ್ಷದಲ್ಲೇ ನಮ್ಮಲ್ಲಿ ಡೈ ಮೇಲೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರ ಬೆರಳಿನ ತುದಿ ಜಜ್ಜಿ, ಕೆಲವು ವಾರ ಮನೆಯಲ್ಲೇ ಇರಬೇಕಾಯಿತು. ಕಂಪನಿಯವರು ಮೊದಲು ಕೇಳಿದ್ದು ಹಾಜರಿ ಪುಸ್ತಕ ಮತ್ತು ಕೂಲಿ ಪಟ್ಟಿಯನ್ನು. ಅವು ತಿಂಗಳುವಾರು ಸಹಿಯೊಂದಿಗೆ ಇದ್ದ ಕಾರಣ ಹಣ ಬಂತು, ತಡವಾಗಿಯಾದರೂ. ತೋರಿಸಿದ ಕೂಲಿ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಪರಿಹಾರಕ್ಕೂ ಕತ್ತರಿ ಬೀಳುತ್ತದೆ. ಆಸ್ಪತ್ರೆ ಖರ್ಚಿಗೆ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಿದ ಭಾಗವಿತ್ತು, ಅದಿಲ್ಲದಿದ್ದರೆ ಆ ಬಿಲ್ಲು ನನ್ನದೇ ಆಗುತ್ತಿತ್ತು. ಈ ಪಾಲಿಸಿಯ ದೊಡ್ಡ ಕೊರತೆ ಕೆಲಸಗಾರರ ಕಡೆಯಿಂದ ನೋಡಿದಾಗ ಕಾಣುತ್ತದೆ: ಮನೆಯಲ್ಲಿ ಕೂತ ದಿನಗಳಿಗೆ ಕಾಯ್ದೆಯ ಲೆಕ್ಕದಲ್ಲಿ ಸಿಗುವುದು ಅರ್ಧ ಸಂಬಳ. ಬೆರಳು ಜಜ್ಜಿದ ಆ ಹೆಂಗಸಿನ ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಉಳಿದ ಅರ್ಧವನ್ನು ನಾನೇ ಕೊಟ್ಟೆ.

ಇಎಸ್‌ಐಗೆ, ಅಂದರೆ ಮಾಲೀಕರೂ ಕೆಲಸಗಾರರೂ ವಂತಿಗೆ ಕಟ್ಟುವ ಸರ್ಕಾರಿ ಕಾರ್ಮಿಕರ ರಾಜ್ಯ ವಿಮೆಗೆ, ಬಂದದ್ದು ಜನ ಹೆಚ್ಚಾದಾಗ. ಪ್ಯಾಕಿಂಗ್‌ಗೆ ಬರುವವರನ್ನೂ ಗುತ್ತಿಗೆಯವರನ್ನೂ ಸೇರಿಸಿ ತಲೆ ಎಣಿಸಬೇಕು. ಹತ್ತು ಮುಟ್ಟಿದರೆ ನೋಂದಣಿ, ಆಮೇಲೆ ಸಂಖ್ಯೆ ಇಳಿದರೂ ಬಿಡುಗಡೆಯಿಲ್ಲ. ಹೆಂಡತಿಯ ಹೆಸರಿನಲ್ಲಿ ಇನ್ನೊಂದು ಘಟಕ ತೋರಿಸಿ ಜನರನ್ನು ಹಂಚಿಬಿಡಿ ಎಂಬ ಸಲಹೆಯೂ ಬಂತು. ಒಂದೇ ಅಂಗಳ, ಒಂದೇ ಮೀಟರು, ಒಂದೇ ಮಾಲು ಇದ್ದರೆ ಎರಡನ್ನೂ ಒಂದೇ ಎಂದು ಪರಿಗಣಿಸುತ್ತಾರೆ. ವಂತಿಗೆ ಸಂಬಳದ ಶೇ 4, ಅದರಲ್ಲಿ ಮಾಲೀಕರದು 3.25, ಕೆಲಸಗಾರರದು 0.75. 15,000 ಸಂಬಳಕ್ಕೆ ನಾನು ಕೊಡುವುದು 488 ರೂಪಾಯಿ, ಅವರಿಂದ ಹೋಗುವುದು 113. ವರ್ಷದ ಲೆಕ್ಕದಲ್ಲಿ ವರ್ಕ್‌ಮೆನ್ ಪಾಲಿಸಿಗಿಂತ ನಮಗೆ ಇದು ಸಾಕಷ್ಟು ಹೆಚ್ಚು ಬಿತ್ತು.

ಆದರೂ ನನ್ನ ಮತ ಇದಕ್ಕೇ. ನಿಜವಾದ ವಿನಾಯಿತಿ ಎಂಬುದಿದ್ದರೆ ಅದು ಇಲ್ಲಿದೆ. ಇಎಸ್‌ಐ ಕಾಯ್ದೆಯ 53ನೇ ಕಲಮಿನಂತೆ ವಿಮಾದಾರ ಕಾರ್ಮಿಕ ಅದೇ ಗಾಯಕ್ಕೆ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿರಲಿಲ್ಲ. ಹೊಣೆ ಇಎಸ್‌ಐ ನಡೆಸುವ ನಿಗಮಕ್ಕೆ ಹೋಯಿತು. ಕೆಲಸಗಾರರಿಗೂ ಲಾಭ ಹೆಚ್ಚು: ಗಾಯದಿಂದ ಮನೆಯಲ್ಲಿದ್ದ ದಿನಗಳಿಗೆ ಶೇ 90ರಷ್ಟು ಸಂಬಳ, ಮನೆಯವರಿಗೂ ಚಿಕಿತ್ಸೆ. ಅದೇ ತೋರುಬೆರಳಿಗೆ ಒಮ್ಮೆಗೇ 2.32 ಲಕ್ಷದ ಬದಲು ತಿಂಗಳಿಗೆ ಸುಮಾರು 1,890 ರೂಪಾಯಿ, ಬದುಕಿರುವವರೆಗೆ. ಒಟ್ಟು ಹಣ ಕೈಗೆ ಬಂದರೆ ಸಾಲ ತೀರಿಸಿ, ಮದುವೆ ಮಾಡಿ ಮುಗಿದುಹೋಗುತ್ತದೆ ಎಂಬುದನ್ನು ನಮ್ಮೂರಿನಲ್ಲೇ ನೋಡಿದ್ದೇನೆ. ತೊಟ್ಟಿಯ ಬಳಿ ಜಾರಿ ಬಿದ್ದು ಮುಂಗೈ ಮುರಿದುಕೊಂಡ ಹುಡುಗನೊಬ್ಬನಿಗೆ ಹಣ ನೇರವಾಗಿ ಅವನ ಖಾತೆಗೇ ಬಂತು, ನನ್ನ ಬಾಗಿಲಿಗೆ ಬಂದು ನಿಲ್ಲುವ ಮುಜುಗರ ಅವನಿಗಿರಲಿಲ್ಲ. ನೋವಿನ ಸಂಗತಿ ಆಸ್ಪತ್ರೆಯದು. ಜಿಲ್ಲೆಯಲ್ಲಿ ಇಎಸ್‌ಐ ಆಸ್ಪತ್ರೆ ಇರುವುದು ದಾಂಡೇಲಿಯಲ್ಲಿ. ಮಳೆಗಾಲದಲ್ಲಿ ಶಿರಸಿಯಿಂದ ಮುರಿದ ಕೈ ಹಿಡಿದುಕೊಂಡು ಅಲ್ಲಿಗೋ ಹುಬ್ಬಳ್ಳಿಗೋ ಹೋಗುವ ಕಷ್ಟ ವಂತಿಗೆ ಕಟ್ಟುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಕುಮಟಾದಲ್ಲಿ ಗೋಡಂಬಿ ಕಾರ್ಖಾನೆ ನಡೆಸುವ ನಮ್ಮ ಭಾವ ಕೇಳಿದ್ದರು: "ನಮ್ಮದು ಹಂಗಾಮಿನ ಕೆಲಸವಲ್ಲವೇ, ಬಿಡುಗಡೆ ಸಿಗುವುದಿಲ್ಲವೇ?" ಹಂಗಾಮಿ ಕಾರ್ಖಾನೆಗಳಿಗೆ ಇಎಸ್‌ಐಯಿಂದ ವಿನಾಯಿತಿ ಇದ್ದದ್ದು ನಿಜ. ಆದರೆ ಕಾಯ್ದೆ ಹೆಸರಿಸಿದ್ದು ಹತ್ತಿ ಜಿನ್ನಿಂಗ್, ಕಾಫಿ, ಚಹಾ, ರಬ್ಬರ್, ಬೆಲ್ಲ ಸೇರಿದಂತೆ ಸಕ್ಕರೆ, ಇಂಥವನ್ನು. ಗೋಡಂಬಿಯೂ ಇಲ್ಲ, ಹಾಳೆ ತಟ್ಟೆಯೂ ಇಲ್ಲ. ಅರ್ಜಿ ಹಾಕಿ ಪಡೆಯುವ ಇನ್ನೊಂದು ವಿನಾಯಿತಿ 87ನೇ ಕಲಮಿನದು. ಸರ್ಕಾರ ಅದನ್ನು ಒಮ್ಮೆಗೆ ಒಂದು ವರ್ಷದ ಮಟ್ಟಿಗೆ ಮಾತ್ರ ಕೊಡುತ್ತಿತ್ತು, ಅದೂ ಇಎಸ್‌ಐಗೆ ಸಮನಾದ ಅಥವಾ ಅದಕ್ಕಿಂತ ಮೇಲಾದ ಸೌಲಭ್ಯವನ್ನು ಮಾಲೀಕನೇ ಕೊಡುತ್ತಿದ್ದರೆ. ಸ್ವಂತ ಆಸ್ಪತ್ರೆ ಇಟ್ಟುಕೊಳ್ಳಬಲ್ಲ ದೊಡ್ಡ ಕಾರ್ಖಾನೆಗಳ ಬಾಗಿಲು ಅದು, ನಮ್ಮದಲ್ಲ.

ಅಮೆರಿಕದಲ್ಲಿರುವ ನೆಂಟರು "ಇಲ್ಲಿ ಐವತ್ತು ಡಾಲರಿಗೆ ವಿನಾಯಿತಿ ಪತ್ರ ಸಿಗುತ್ತದೆ" ಎಂದು ಹೇಳುವುದನ್ನು ಕೇಳಿ ಕೆಲವರು ಗೊಂದಲಗೊಳ್ಳುತ್ತಾರೆ. ಫ್ಲಾರಿಡಾದಲ್ಲಿ ಕಟ್ಟಡ ಕೆಲಸದ ಕಂಪನಿಯಲ್ಲಿ ಕನಿಷ್ಠ ಶೇ 10 ಪಾಲಿರುವ ಅಧಿಕಾರಿಗೆ ಎರಡು ವರ್ಷದ ಅಂಥ ಪತ್ರ ಸಿಗುತ್ತದೆ. ಅದು ಅವರೊಬ್ಬರ ಮೈಗೆ ಸಂಬಂಧಿಸಿದ್ದು, ಕೈಕೆಳಗಿನ ಕೆಲಸಗಾರರಿಗೆ ವಿಮೆ ಬೇಕೇ ಬೇಕು. ಟೆಕ್ಸಸ್‌ನಲ್ಲಿ ಖಾಸಗಿ ಮಾಲೀಕರು ವಿಮೆ ಬಿಡಬಹುದು. ಹಾಗೆ ಬಿಟ್ಟವರು ಮೊಕದ್ದಮೆಯಲ್ಲಿ "ಕೆಲಸಗಾರನದೂ ಅಜಾಗರೂಕತೆ ಇತ್ತು" ಎಂದು ವಾದಿಸುವ ಅವಕಾಶ ಕಳೆದುಕೊಳ್ಳುತ್ತಾರೆ.

2025ರ ನವೆಂಬರ್ 21ರಿಂದ ಈ ಎರಡೂ ಹಳೆಯ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಘಟಕದಲ್ಲೂ ಮಾಲೀಕ ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಲು ಅದರಲ್ಲಿ ದಾರಿಯಿದೆ. ಐದಾರು ಜನರಿರುವ ಘಟಕದವರು ಇದನ್ನು ಮೊದಲು ವಿಚಾರಿಸಲಿ. ಆಸ್ಪತ್ರೆಯ ದೂರದಿಂದಾಗಿ ಬೇಡವೆನಿಸಿದರೆ ಚಿಕಿತ್ಸೆಯ ಭಾಗ ಸೇರಿಸಿದ ವರ್ಕ್‌ಮೆನ್ ಪಾಲಿಸಿ, ಜೊತೆಗೆ 20 ರೂಪಾಯಿಯ ಬಿಮಾ. ಮಾಲೀಕರು ತಾವೇ ಯಂತ್ರದ ಮುಂದೆ ಕೂರುವವರಾದರೆ ತಮಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಬೇಕು, ಏಕೆಂದರೆ ಕೆಲಸಗಾರರ ಪಾಲಿಸಿಯಲ್ಲಿ ಮಾಲೀಕ ಸೇರುವುದಿಲ್ಲ. ಮನೆಯಿಂದ ಕೆಲಸಕ್ಕೆ ಬರುವ, ಹೋಗುವ ದಾರಿಯ ಅಪಘಾತವನ್ನೂ ಹೊಸ ಸಂಹಿತೆ ಮಾಲೀಕನ ಹೊಣೆಯ ವ್ಯಾಪ್ತಿಗೆ ತಂದಿದೆ. ಘಟ್ಟದ ರಸ್ತೆಯಲ್ಲಿ ಬೆಳಿಗ್ಗೆ ಮಂಜಿನಲ್ಲಿ ಬೈಕಿನ ಮೇಲೆ ಬರುವವರು ನಮ್ಮ ಕೆಲಸಗಾರರೇ ಆದ್ದರಿಂದ, ನವೀಕರಣದ ಹಣ ಕಟ್ಟುವ ಮುನ್ನ ನಿಮ್ಮ ಪಾಲಿಸಿಯಲ್ಲಿ ಅದು ಸೇರಿದೆಯೇ ಎಂದು ಕಂಪನಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ.